ಡಬ್ಬಿಯ ಬೆನ್ನಿಗೊಮ್ಮೆ ಕಣ್ಣು ಹಾಯಿಸು

ಮಗಳೇ, ಪೊವಾಯಿಯ ನಿಮ್ಮ ರೂಮಿನ ಫ್ರಿಜ್ ತುಂಬ ಗ್ರೀಕ್ ಯೋಗರ್ಟ್ ಡಬ್ಬಿಗಳೇ ಇವೆಯಂತೆ. ನಿನ್ನಮ್ಮ ಊರಿಂದ ಫೋನು ಮಾಡಿ, ‘ಅಕ್ಕಾ, ನೀವಾದರೂ ಬುದ್ಧಿ ಹೇಳಿ’ ಅಂದಳು. ಹೇಳುತ್ತೇನೆ. ಆದರೆ ತಿನ್ನಬೇಡ ಅನ್ನುವುದಿಲ್ಲ.

ಅದು ಒಳ್ಳೆಯ ಪದಾರ್ಥವೇ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದರೆ ಉಳಿಯುವ ಗಟ್ಟಿಯೇ ಅದು. ಮುಂಬೈಗೆ ಅದು ಹೊಸದೂ ಅಲ್ಲ. ದಾದರ್, ಗಿರ್‌ಗಾಂವ್ ಕಡೆಯ ಡೇರಿಗಳಲ್ಲಿ ಚಕ್ಕಾ ಎಂದು ತೂಗಿ ಕೊಡುತ್ತಾರೆ. ಗುಡಿಪಾಡ್ವಕ್ಕೂ ದಸರೆಗೂ ಜನ ಅದನ್ನು ಒಯ್ದು ಸಕ್ಕರೆ, ಕೇಸರಿ, ಏಲಕ್ಕಿ ಹಾಕಿ ಶ್ರೀಖಂಡ ಮಾಡುತ್ತಾರೆ. 2015ರಲ್ಲಿ ಮುಂಬೈಯದೇ ಒಂದು ಕಂಪನಿ ಎಪಿಗಾಮಿಯಾ ಎಂಬ ಹೆಸರಿನಲ್ಲಿ ಗ್ರೀಕ್ ಯೋಗರ್ಟನ್ನು ಪುಟ್ಟ ಕಪ್ಪುಗಳಲ್ಲಿ ತಂದಿತು. ಆಮೇಲೆ ಬೇರೆಯವರೂ ಬಂದರು. ಈಗಂತೂ ಹತ್ತು ನಿಮಿಷದಲ್ಲಿ ಬಾಗಿಲಿಗೇ ಬರುತ್ತದೆ.

ನಿನ್ನಂಥ ಸಸ್ಯಾಹಾರಿ ಹುಡುಗಿಗೆ ಅದರಲ್ಲಿರುವ ಪ್ರೋಟೀನ್ ನಿಜವಾಗಿಯೂ ಬೇಕು. ಬೆಳಿಗ್ಗೆ ಬನ್ ಮಸ್ಕಾ, ಮಧ್ಯಾಹ್ನ ವಡಾಪಾವ್, ಸಂಜೆ ಚಹಾ ಖಾರಿ ಎಂದು ದಿನ ಕಳೆದರೆ ಮೈಗೆ ಏನು ಸಿಕ್ಕಿತು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಲೆಕ್ಕ, ಒಂದು ಕಿಲೋ ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ. ಐವತ್ತೈದು ಕಿಲೋ ತೂಗುವವಳಿಗೆ ಸುಮಾರು 46 ಗ್ರಾಂ. ಮಾಮೂಲಿ ಮೊಸರು ನೂರು ಗ್ರಾಮಿಗೆ ಮೂರು ನಾಲ್ಕು ಗ್ರಾಂ ಕೊಟ್ಟರೆ, ಚೆನ್ನಾಗಿ ನೀರಿಳಿಸಿದ್ದು ಎಂಟರ ಆಸುಪಾಸು ಕೊಡುತ್ತದೆ. ನೀರಿನ ಜೊತೆ ಹಾಲಿನ ಸಕ್ಕರೆಯೂ ಸ್ವಲ್ಪ ಇಳಿದುಹೋಗುವುದರಿಂದ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಸಾಮಾನ್ಯವಾಗಿ ಇದು ಸಲೀಸು. ಆದರೆ ಒಂದಿಷ್ಟು ಕ್ಯಾಲ್ಸಿಯಂ ಕೂಡ ಆ ನೀರಿನಲ್ಲೇ ಹೋಗುತ್ತದೆ. ಅದಕ್ಕೇ ಹೇಳುವುದು, ಯೋಗರ್ಟ್ ತಿಂದೆನಲ್ಲ ಎಂದು ರಾತ್ರಿಯ ಮೊಸರನ್ನ ಬಿಡಬೇಡ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ್ದು. ಡಬ್ಬಿಯ ಮುಂದಿನ ಹಣ್ಣಿನ ಚಿತ್ರ ನೋಡಿ ಕೊಳ್ಳಬೇಡ, ತಿರುಗಿಸಿ ಹಿಂದೆ ಓದು. ಏನೇನು ಹಾಕಿದ್ದಾರೆ ಎಂಬ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು ಬರುತ್ತದೆ. ಹಾಲು, ಕಲ್ಚರ್ ಇಷ್ಟೇ ಇದ್ದರೆ ಕಣ್ಣು ಮುಚ್ಚಿ ತಗೋ. ಹಾಲಿನ ಬೆನ್ನಿಗೇ ಸಕ್ಕರೆ ಇದ್ದರೆ ಅದು ಊಟದ ಮೇಲಿನ ಸಿಹಿ, ಬೆಳಗಿನ ತಿಂಡಿ ಅಲ್ಲ. ಸ್ಟಾರ್ಚ್, ಪೆಕ್ಟಿನ್ ಕಂಡರೆ ಆ ಗಟ್ಟಿತನ ಪೂರ್ತಿ ನೀರಿಳಿಸಿ ಬಂದದ್ದಲ್ಲ ಎಂದು ತಿಳಿ. ಆಗ ಪ್ರೋಟೀನ್ ಅಂಕಿ ಎಷ್ಟಿದೆ ನೋಡು, ನೂರು ಗ್ರಾಮಿಗೆ ಐದು ಗ್ರಾಮಿನ ಕೆಳಗಿದ್ದರೆ ಅಷ್ಟು ದುಡ್ಡು ಕೊಡುವುದು ದಂಡ. ಸಕ್ಕರೆಯದು ಎರಡು ಸಾಲು ಇರುತ್ತದೆ, ಒಟ್ಟು ಸಕ್ಕರೆ ಮತ್ತು ಸೇರಿಸಿದ ಸಕ್ಕರೆ. ಸಪ್ಪೆ ಡಬ್ಬಿಯಲ್ಲೂ ಮೂರು ನಾಲ್ಕು ಗ್ರಾಂ ಕಾಣುತ್ತದೆ, ಅದು ಹಾಲಿನದೇ, ಹೆದರಬೇಡ. ಸೇರಿಸಿದ್ದರ ಮೇಲೆ ಕಣ್ಣಿಡು. ದಿನಕ್ಕೆ ಇಪ್ಪತ್ತೈದು ಗ್ರಾಮಿನೊಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿನ್ನ ಎರಡು ಕಟಿಂಗ್ ಚಹಾದಲ್ಲೇ ಅದರಲ್ಲೊಂದು ಪಾಲು ಮುಗಿದಿರುತ್ತದೆ.

ಸಪ್ಪೆಯದರ ರುಚಿ ಮೊದಲ ದಿನವೇ ಹಿಡಿಸುವುದಿಲ್ಲ, ಒಪ್ಪುತ್ತೇನೆ. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ, ಹುಳಿ ನಾಲಿಗೆಯ ಹಿಂಬದಿಗೆ ತಡವಾಗಿ ತಾಗುತ್ತದೆ. ಕೊಬ್ಬು ಪೂರ್ತಿ ತೆಗೆದದ್ದಾದರೆ ಬಾಯಿ ಸುಣ್ಣ ಸುಣ್ಣ ಅನಿಸುತ್ತದೆ. ಅದಕ್ಕೆ ಜೇನು ಸುರಿಯುವುದು ಬಿಟ್ಟು ನಮ್ಮ ದಾರಿ ಹಿಡಿ. ಎಳೆ ಸೌತೆಕಾಯಿ ಸಣ್ಣಗೆ ಹೆಚ್ಚಿ ಉಪ್ಪು ಸವರಿ, ಹತ್ತು ನಿಮಿಷ ಬಿಟ್ಟು ಹಿಂಡು. ಯೋಗರ್ಟಿನಲ್ಲಿ ಕಲಸಿ, ಸಾಸಿವೆ, ಇಂಗು, ಹಸಿಮೆಣಸು, ಕರಿಬೇವಿನ ಒಗ್ಗರಣೆ ಕೊಡು. ಮಾಮೂಲಿ ಮೊಸರುಬಜ್ಜಿ ಆಫೀಸಿನ ಡಬ್ಬಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರು ಬಿಟ್ಟು ಚಪಾತಿ ನೆನೆಸುತ್ತದೆ, ಇದು ಹಾಗೆ ಮಾಡುವುದಿಲ್ಲ. ಮೊಸರನ್ನಕ್ಕೆ ಮಾತ್ರ ಹಾಕಬೇಡ, ಗಂಟಲಲ್ಲಿ ಇಳಿಯುವುದಿಲ್ಲ.

ರಜಾದಿನ ಪುರುಸೊತ್ತಾದರೆ ಮನೆಯಲ್ಲೇ ಮಾಡಿಕೋ, ಖರ್ಚು ಎಷ್ಟೋ ಕಡಿಮೆ. ಇಲ್ಲಿನ ಫುಲ್ ಕ್ರೀಮ್ ಹಾಲಿನಲ್ಲಿ ಶೇಕಡಾ ಆರು ಕೊಬ್ಬು; ಮೊಸರು ಮಾಡಿ ನೀರಿಳಿಸಿದರೆ ಕೊಬ್ಬಿನ ಪಾಲು ಇನ್ನೂ ಹೆಚ್ಚುತ್ತದೆ. ದಿನಾ ತಿನ್ನುವುದಕ್ಕೆ ಶೇಕಡಾ ಮೂರರ ಟೋನ್ಡ್ ಹಾಲೇ ಸಾಕು. ಮೊಸರು ಹುಳಿಯಾಗುವ ಮುನ್ನವೇ, ತೊಳೆದು ಒಣಗಿಸಿದ ತೆಳು ಪಂಚೆಬಟ್ಟೆಯಲ್ಲಿ ಕಟ್ಟಿ, ಜಾಲರಿ ತಟ್ಟೆಯ ಮೇಲಿಟ್ಟು, ಅಡಿಗೊಂದು ಪಾತ್ರೆ ಇಟ್ಟು ಫ್ರಿಜ್‌ನೊಳಗೇ ರಾತ್ರಿ ಬಿಡು. ಅಡುಗೆಮನೆಯ ನಲ್ಲಿಗೆ ತೂಗುಹಾಕಬೇಡ. ಮುಂಬೈ ಸೆಕೆಗೆ ಬೆಳಗಾಗುವಷ್ಟರಲ್ಲಿ ಹುಳಿಯೇರಿ ವಾಸನೆ ಬರುತ್ತದೆ. ಇಳಿದ ತಿಳಿನೀರನ್ನು ಚೆಲ್ಲಬೇಡ, ಚಪಾತಿ ಹಿಟ್ಟು ಕಲಸು, ಇಲ್ಲವೇ ಸಾರಿಗೆ ಸುರಿ, ಹುಣಸೆಹಣ್ಣು ಅಷ್ಟು ಕಡಿಮೆ ಹಾಕಿದರಾಯಿತು.