ಪಿಕಪ್ ಸ್ಟಾರ್ಟ್ ಆಗ್ತಿಲ್ವಾ? ಪಂಪ್ ಬದಲಿಸೋ ಮೊದಲು ಇಷ್ಟು ನೋಡಿ

ಟೊಮೆಟೊ ಲೋಡ್ ಆಗಿದೆ, ಮಾರ್ಕೆಟ್‌ಗೆ ಹೊತ್ತಾಗ್ತಿದೆ. ಹಳೇ ಪೆಟ್ರೋಲ್ ಪಿಕಪ್ಪಿನ ಸೆಲ್ಫ್ ತಿರುಗುತ್ತೆ, ಎಂಜಿನ್ ಹಿಡಿಯಲ್ಲ. ಪೆಟ್ರೋಲ್ ವಾಸನೆ ಇದ್ದರೆ ಏನೂ ಮುಟ್ಟಬೇಡಿ, ಮೆಕ್ಯಾನಿಕ್ ಕರೆಸಿ. ಇಲ್ಲದಿದ್ದರೆ ಹೀಗೆ ಪರೀಕ್ಷಿಸಿ:

1. ಕೀ ಆನ್ ಮಾಡಿ. ಇಂಜೆಕ್ಷನ್ ಗಾಡಿಯಾದರೆ ಟ್ಯಾಂಕ್ ಹತ್ತಿರ ಸಾಮಾನ್ಯವಾಗಿ ಒಂದೆರಡು ಸೆಕೆಂಡ್ ‘ಗುಂಯ್’ ಸದ್ದು ಬರಬೇಕು.

2. ಸದ್ದಿಲ್ವಾ? ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ತಂತಿ ಸುತ್ತಿದರೆ ವೈರಿಂಗಿಗೇ ಬೆಂಕಿ ಹತ್ತಬಹುದು.

3. ಹಾರ್ನ್ ರಿಲೇ ಅದೇ ನಂಬರಿನದಾಗಿದ್ದರೆ ಪಂಪ್ ರಿಲೇ ಜಾಗಕ್ಕೆ ಹಾಕಿ ನೋಡಿ.

4. ಕೀ ಆಫ್ ಮಾಡಿ, ಪಂಪ್ ಸಾಕೆಟ್ಟಿನ ಪ್ಲಸ್ ಮತ್ತು ಅರ್ತ್ ಪಿನ್ನಿಗೆ 12 ವೋಲ್ಟ್ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ. ಆಮೇಲೆ ಕೀ ಆನ್. ಪ್ರಖರವಾಗಿ ಉರಿದರೆ ಪಂಪೇ ಕೆಟ್ಟಿರಬಹುದು. ಮಂಕಾದರೆ ಅರ್ತ್ ತುಕ್ಕು ಉಜ್ಜಿ, ವೈರ್ ನೋಡಿ.

ತುಕ್ಕು ಉಜ್ಜಿದರೆ ಸರಿಹೋಗೋ ಗಾಡಿಗೆ ಹೊಸ ಪಂಪ್ ಯಾಕೆ?