ಸಣ್ಣ ವಾಷರ್, ದೊಡ್ಡ ನಷ್ಟ



ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಆಕಾಶದಲ್ಲಿ ಹಾರುವ ಯಂತ್ರಕ್ಕೂ ನಮ್ಮ ಕೊಟ್ಟಿಗೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. ಅದು ಒಂದು ಸಣ್ಣ ರಬ್ಬರ್ ಉಂಗುರದ್ದು. ಹೆಲಿಕಾಪ್ಟರಿನಲ್ಲಿ ಎಣ್ಣೆ ಸೋರದಂತೆ, ರಾಕೆಟ್ಟಿನಲ್ಲಿ ಬಿಸಿ ಅನಿಲ ಹೊರನುಗ್ಗದಂತೆ, ಮನೆಯ ಕುಕ್ಕರಿನಲ್ಲಿ ಆವಿ ಹೋಗದಂತೆ ತಡೆಯುವುದು ಇಂಥ ಉಂಗುರವೇ. ನಾವು ಇದನ್ನು ವಾಷರ್ ಅಥವಾ ಗ್ಯಾಸ್ಕೆಟ್ ಎನ್ನುತ್ತೇವೆ. ಕಾರ್ಖಾನೆಯವರು ಸೀಲ್ ಎನ್ನುತ್ತಾರೆ.

ಉಂಗುರ ಸೋತರೆ

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಅದರಲ್ಲಿದ್ದ 7 ಮಂದಿಯೂ ಮೃತರಾದರು. ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರ್ ಉಂಗುರ ಚಳಿಗೆ ಪೆಡಸಾಗಿ ಸಂದನ್ನು ಮುಚ್ಚದೆ ಹೋದದ್ದೇ ಕಾರಣ. ವಿಚಾರಣೆಯ ವೇಳೆ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರು ಆ ರಬ್ಬರಿನ ತುಂಡನ್ನು ಅದುಮಿ ಹಿಡಿದು ಐಸ್ ನೀರಿನಲ್ಲಿ ಮುಳುಗಿಸಿ ತೋರಿಸಿದರು. ಬಿಟ್ಟ ಮೇಲೆ ಅದು ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಸೀಲಿನ ಗುಟ್ಟು ಇಷ್ಟೇ: ಅದುಮಿ ಬಿಟ್ಟರೆ ಮರಳಿ ಉಬ್ಬಬೇಕು. ಆ ಗುಣ ಹೋದ ಉಂಗುರ ಇದ್ದೂ ಇಲ್ಲದಂತೆ.

ಪರವಾನಗಿ ಎಂದರೇನು?

ಅತಿ ಶೀತ, ಅತಿ ಶಾಖ, ಗಾಳಿಯೇ ಇಲ್ಲದ ನಿರ್ವಾತ ಇವನ್ನು ತಾಳುವ ಸೀಲುಗಳು ಬಾಹ್ಯಾಕಾಶದ ಕೆಲಸಕ್ಕೆ ಬೇಕೇ ಬೇಕು. ರಾಸಾಯನಿಕ ಕಾರ್ಖಾನೆ, ತೈಲ ಬಾವಿಗಳಲ್ಲೂ ಗಟ್ಟಿ ಸೀಲುಗಳೇ ಬೇಕು. ಒಂದೆಡೆ ರೂಪಿಸಿದ ತಿಳಿವನ್ನು ಇನ್ನೊಂದೆಡೆಗೆ ಕೊಡುವ ಕ್ರಮವೇ ಪರವಾನಗಿ, ಅಂದರೆ ಲೈಸೆನ್ಸ್.

ಕೃತಕ ಗರ್ಭಧಾರಣೆಯನ್ನೇ ನೆನೆಸಿಕೊಳ್ಳಿ. ಉತ್ತಮ ತಳಿಯ ಹೋರಿ ಕೇಂದ್ರದಲ್ಲೇ ಇರುತ್ತದೆ. ಶುಲ್ಕ ಕೊಟ್ಟರೆ ಅದರ ವೀರ್ಯದ ನಳಿಕೆ ನಮ್ಮೂರಿಗೆ ಬರುತ್ತದೆ. ಹಾಗೆಯೇ ತಂತ್ರಜ್ಞಾನದ ಒಡೆತನ ಸಂಶೋಧನಾ ಸಂಸ್ಥೆಯದು. ಶುಲ್ಕ ಕಟ್ಟಿ ಷರತ್ತಿಗೆ ಒಪ್ಪಿದ ಕಾರ್ಖಾನೆ ವಸ್ತುವನ್ನು ತಯಾರಿಸುತ್ತದೆ. ಇಸ್ರೋ ರೂಪಿಸಿದ ತಂತ್ರಜ್ಞಾನಗಳನ್ನು ಉದ್ಯಮಗಳಿಗೆ ವರ್ಗಾಯಿಸುವುದು 2019ರಲ್ಲಿ ಸ್ಥಾಪನೆಯಾದ ನ್ಯೂ ಸ್ಪೇಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಕೆಲಸಗಳಲ್ಲಿ ಒಂದು. ಹೈನುಗಾರಿಕೆಗೂ ಇದು ಹೊಸದಲ್ಲ. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ಮೈಸೂರಿನ ಸಿ.ಎಫ್.ಟಿ.ಆರ್.ಐ. ಕಂಡುಹಿಡಿಯಿತು, ತಯಾರಿಸಿದ್ದು ಗುಜರಾತಿನ ಅಮುಲ್ ಸಹಕಾರಿಗಳು.

ರಾಕೆಟ್ಟಿಗೆ ಒಳ್ಳೆಯದು ಹಾಲಿಗೂ ಒಳ್ಳೆಯದೇ?

ಆಗಬೇಕೆಂದಿಲ್ಲ. ಯಾರಾದರೂ ‘ರಾಕೆಟ್ ತಂತ್ರಜ್ಞಾನದ ರಬ್ಬರ್’ ಎಂದು ಮಾರಲು ಬಂದರೆ ಹೆಸರಿಗೆ ಮರುಳಾಗಬೇಡಿ. ಪ್ರತಿಯೊಂದು ಸೀಲೂ ತಾನಿರುವ ಜಾಗಕ್ಕೆ ಹೊಂದಬೇಕು. ನಮ್ಮ ಜಾಗದ ಶತ್ರುಗಳು ಹಾಲಿನ ಜಿಡ್ಡು, ಬಿಸಿನೀರು, ತೊಳೆಯುವ ಸೋಡಾ ಮತ್ತು ಕ್ಲೋರಿನ್. ಸಾಮಾನ್ಯ ರಬ್ಬರ್ ಜಿಡ್ಡನ್ನು ಹೀರಿ ಊದಿಕೊಳ್ಳುತ್ತದೆ. ಆದ್ದರಿಂದಲೇ ಹಾಲು ಕರೆಯುವ ಯಂತ್ರದ ಲೈನರುಗಳಿಗೆ ಜಿಡ್ಡು ತಡೆಯುವ ನೈಟ್ರೈಲ್ ರಬ್ಬರ್ ಅಥವಾ ಸಿಲಿಕೋನ್ ಬಳಸುತ್ತಾರೆ.

ಲೈನರ್ ಕ್ಷಣಕ್ಷಣಕ್ಕೂ ತೆರೆದು ಮುಚ್ಚುತ್ತ ಮೊಲೆತೊಟ್ಟನ್ನು ನೀವುತ್ತದೆ. ಹಳೆಯದಾಗಿ ಸಡಿಲವಾದರೆ ನೀವುವುದು ನಿಂತು ತೊಟ್ಟು ನೋಯುತ್ತದೆ. ಬಿರುಕಿನಲ್ಲಿ ಹಾಲಿನ ಪಸೆ ಕೂತು ರೋಗಾಣುಗಳು ಬೆಳೆಯುತ್ತವೆ. ಅಲ್ಲಿಂದ ಕೆಚ್ಚಲು ಬಾವಿಗೆ ದಾರಿ ಸಲೀಸು.

ತಾವು ಮಾಡಬೇಕಾದ್ದು

1. ವಾರಕ್ಕೊಮ್ಮೆ ಲೈನರಿನ ಬಾಯನ್ನು ಬೆರಳಿನಿಂದ ಅದುಮಿ ಬಿಡಿ. ಕೂಡಲೇ ಮರಳದಿದ್ದರೆ, ಒಳಗೆ ಬಿರುಕು, ಒರಟು ಅಥವಾ ಊತ ಕಂಡರೆ ಬದಲಿಸಿ.

2. ಚೆನ್ನಾಗಿ ಕಂಡರೂ ರಬ್ಬರ್ ಲೈನರನ್ನು ಸಾಮಾನ್ಯವಾಗಿ 2,500 ಕರೆತಕ್ಕೆ ಅಥವಾ 6 ತಿಂಗಳಿಗೆ, ಯಾವುದು ಮೊದಲೋ ಆಗ, ಬದಲಿಸಬೇಕು. ಒಂದೇ ಯಂತ್ರದಲ್ಲಿ 10 ಹಸುಗಳನ್ನು ದಿನಕ್ಕೆ 2 ಸಲ ಕರೆದರೆ 125 ದಿನಕ್ಕೇ 2,500 ಆಗುತ್ತದೆ. ಯಂತ್ರದ ಪುಸ್ತಕದಲ್ಲಿ ಬೇರೆ ಅವಧಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ.

3. ನಾಲ್ಕೂ ಲೈನರುಗಳನ್ನು ಒಟ್ಟಿಗೆ ಬದಲಿಸಿ. ಬದಲಿಸಿದ ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.

4. ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಇದು ಆಹಾರ ದರ್ಜೆಯ ರಬ್ಬರೇ? ನನ್ನ ಯಂತ್ರದ ಅಳತೆಗೆ ಸರಿಹೊಂದುತ್ತದೆಯೇ?

5. ಕ್ಯಾನಿನ ಮುಚ್ಚಳಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಬೇಡಿ. ಅದು ಆಹಾರಕ್ಕೆಂದು ಮಾಡಿದ ರಬ್ಬರ್ ಅಲ್ಲ.

6. ಹೊಸ ರಬ್ಬರನ್ನು ಬಿಸಿಲಿನಲ್ಲಿ ಅಥವಾ ಮೋಟಾರಿನ ಪಕ್ಕದಲ್ಲಿ ಇಡಬೇಡಿ. ಬಳಸುವ ಮೊದಲೇ ಹಾಳಾಗುತ್ತದೆ.

ಲೈನರ್ ಹೋದರೆ ಅಂಗಡಿಯಲ್ಲಿ ಬೇರೆ ಸಿಗುತ್ತದೆ. ಕೆಚ್ಚಲು ಬಾವು ಬಂದು ಹಸುವಿನ ಒಂದು ಮೊಲೆ ಬತ್ತಿ ಹೋದರೆ ಅದರ ಬಿಡಿಭಾಗವನ್ನು ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ. ಆದ್ದರಿಂದ ಇಂದು ಸಂಜೆ ಹಾಲು ಕರೆಯುವ ಮುನ್ನ ಒಮ್ಮೆ ಲೈನರನ್ನು ಅದುಮಿ ನೋಡಿ.