ಕೋಟೆ ಬೇರೆ, ಕೊತ್ತಲ ಬೇರೆ

‘ಕೋಟೆ ಕೊತ್ತಲ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಹಣ್ಣುಹಂಪಲು ಎಂಬಂತೆ ಇದೂ ಒಂದು ಜೋಡುನುಡಿ, ಎರಡನೆಯದು ಬರೀ ಪ್ರಾಸಕ್ಕೆ ಬಂದದ್ದು ಎಂದು ಹಲವರ ಎಣಿಕೆ. ಹಾಗಲ್ಲ. ಎರಡಕ್ಕೂ ಬೇರೆ ಬೇರೆ ಅರ್ಥವಿದೆ, ಬೇರೆ ಬೇರೆ ಕೆಲಸವಿದೆ. ಕೋಟೆ ನೋಡಲು ಹೊಸದಾಗಿ ಹೊರಟವರು ಇವೆರಡನ್ನು ಮೊದಲು ಬಿಡಿಸಿಕೊಳ್ಳುವುದು ಒಳ್ಳೆಯದು.

ಮೊದಲು ಕೋಟೆ. ಅರಮನೆ, ಗುಡಿ, ಹೊಂಡ, ಕಣಜ ಎಲ್ಲ ಸೇರಿದ ಇಡೀ ಜಾಗವನ್ನು ನಾವು ಇಂದು ಕೋಟೆ ಎನ್ನುತ್ತೇವೆ. ಆದರೆ ಅದನ್ನು ಸುತ್ತಿದ ಗೋಡೆಗೂ ಅದೇ ಹೆಸರು. ಚಿತ್ರದುರ್ಗ ‘ಏಳು ಸುತ್ತಿನ ಕೋಟೆ’ ಎಂದಾಗ ಎಣಿಸಿರುವುದು ಗೋಡೆಯ ಸುತ್ತುಗಳನ್ನು. ಶತ್ರುಗಳು ‘ಕೋಟೆ ಹತ್ತಿದರು’ ಎಂದಾಗಲೂ ಹತ್ತಿದ್ದು ಗೋಡೆಯನ್ನೇ.

ಈ ಪದ ದ್ರಾವಿಡ ಮೂಲದ್ದು. ತಮಿಳಿನಲ್ಲಿ ಕೋಟ್ಟೈ, ಮಲಯಾಳದಲ್ಲಿ ಕೋಟ್ಟ, ತೆಲುಗಿನಲ್ಲಿ ಕೋಟ, ತುಳುವಿನಲ್ಲಿ ನಮ್ಮಂತೆಯೇ ಕೋಟೆ. ಕೊಡವ ಭಾಷೆಯಲ್ಲಿ ಇದೇ ಮಾತಿಗೆ ಅರಮನೆ ಎಂಬ ಅರ್ಥ. ಸಂಸ್ಕೃತದಲ್ಲಿಯೂ ‘ಕೋಟ್ಟ’ ಉಂಟು. ಅದು ದ್ರಾವಿಡದಿಂದ ಹೋದದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ರಾಜಕೋಟ್, ಪಠಾಣಕೋಟ್ ಎಂಬ ಊರ ಹೆಸರುಗಳಲ್ಲಿ ಕಾಣುವುದೂ ಇದೇ. ಕೋಟೆ ಕಾಯುವ ‘ಕೋಟ್ಟಪಾಲ’ನೇ ಮುಂದೆ ಕೊತ್ವಾಲನಾದ.

ಗೋಡೆ ಏಳುವ ಮೊದಲು ನೆಲ ಅಗೆಯಬೇಕು. ರಾಜ್ಯಾಡಳಿತದ ಹಳೆಯ ಸಂಸ್ಕೃತ ಗ್ರಂಥ ‘ಅರ್ಥಶಾಸ್ತ್ರ’ ಹೇಳುವ ಕ್ರಮ ಹೀಗಿದೆ: ಸುತ್ತ ಕಂದಕ ತೋಡಿ, ತೋಡಿದ ಮಣ್ಣನ್ನೇ ಒಳಬದಿಗೆ ಒಟ್ಟಿ ದಿಣ್ಣೆ ಮಾಡಬೇಕು. ಆ ದಿಣ್ಣೆ ‘ವಪ್ರ’. ಅದರ ಮೇಲೆ ಏಳುವ ಗೋಡೆ ‘ಪ್ರಾಕಾರ’. ಒಂದೇ ಅಗೆತದಿಂದ ಹೊರಗೆ ಆಳ, ಒಳಗೆ ಎತ್ತರ, ಎರಡೂ ಸಿಗುತ್ತವೆ. ಹಳಗನ್ನಡದಲ್ಲಿ ಕಂದಕಕ್ಕೆ ‘ಅಗಳ್’ ಎಂದು ಹೆಸರು. ಅಗೆ ಎಂಬುದರ ನೆಂಟಸ್ತಿಕೆ ಅದರಲ್ಲೇ ಕಾಣುತ್ತದೆ.

ಇನ್ನು ಕೊತ್ತಲ. ನೆಟ್ಟಗೆ ಹೋಗುವ ಗೋಡೆಗೆ ಒಂದು ದೊಡ್ಡ ಕೊರತೆಯಿದೆ. ಶತ್ರು ಬುಡಕ್ಕೆ ಬಂದು ಅಂಟಿಕೊಂಡು ನಿಂತರೆ ಮೇಲಿನ ಕಾವಲುಗಾರನಿಗೆ ಅವನು ಕಾಣುವುದಿಲ್ಲ. ಕಾಣಬೇಕಾದರೆ ಹೊರಗೆ ಬಗ್ಗಬೇಕು, ಬಗ್ಗಿದರೆ ಬಾಣಕ್ಕೋ ಗುಂಡಿಗೋ ತಲೆ ಕೊಟ್ಟಂತೆ. ಅದಕ್ಕಾಗಿ ಗೋಡೆಯನ್ನು ಅಲ್ಲಲ್ಲಿ ಹೊರಕ್ಕೆ ಉಬ್ಬಿಸಿ ಕಟ್ಟಿದರು. ಆ ಉಬ್ಬೇ ಕೊತ್ತಲ. ಅಲ್ಲಿ ನಿಂತವನು ಎಡಬಲದ ಗೋಡೆಯ ಬುಡವನ್ನೆಲ್ಲ ಪಕ್ಕದಿಂದ ನೋಡಬಲ್ಲ, ಹೊಡೆಯಬಲ್ಲ. ದೇವನಹಳ್ಳಿ ಕೋಟೆಯ ಅರ್ಧವೃತ್ತದ ಕೊತ್ತಲಗಳಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ಎರಡು ಕೊತ್ತಲಗಳ ನಡುವೆ ಹೊರಗಡೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ. ನೇರ ಮೇಲಿರುವವನಿಂದ ನೀವು ಬಚಾವು. ಎಡಬಲದ ಕೊತ್ತಲಗಳಿಂದ ಅಲ್ಲ.

ಕೊತ್ತಲಕ್ಕೆ ಬೇರೆ ಹೆಸರುಗಳೂ ಬಂದು ಸೇರಿವೆ. ಅರಬ್ಬಿಯ ‘ಬುರ್ಜ್’ ಫಾರಸಿಯ ದಾರಿ ಹಿಡಿದು ಬಂದು ನಮ್ಮಲ್ಲಿ ಬುರುಜು ಆಯಿತು. ವಿಜಯಪುರದಲ್ಲಿ ಮಲಿಕ್-ಎ-ಮೈದಾನ್ ತೋಪು ಕೂತಿರುವುದು ಷೇರ್ಜಾ ಬುರುಜಿನ ಮೇಲೆ. ಯುರೋಪಿನವರ ಫಿರಂಗಿಗಳ ಜೊತೆ ಬಂದ ‘ಬ್ಯಾಟರಿ’, ಅಂದರೆ ತೋಪುಗಳನ್ನು ಸಾಲಾಗಿ ಇಡುವ ಜಾಗ, ಬತೇರಿ ಆಯಿತು. ಶತ್ರುಗಳ ಹಡಗು ಗುರುಪುರ ನದಿಗೆ ನುಗ್ಗದಂತೆ ಟಿಪ್ಪು ಮಂಗಳೂರಿನಲ್ಲಿ ಕಟ್ಟಿಸಿದ ಕಾವಲು ಕಟ್ಟಡಕ್ಕೆ ಸುಲ್ತಾನ್ ಬತೇರಿ ಎಂದೇ ಹೆಸರು.

ಕೊನೆಗೆ ದಿಡ್ಡಿ. ಹೆಬ್ಬಾಗಿಲು ಮುಚ್ಚಿದ ಮೇಲೂ ಜನ ಓಡಾಡಲು ಇದ್ದ ಸಣ್ಣ ಬಾಗಿಲು ಅದು. ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆಯ ದಿಡ್ಡಿಯೂ ಇದೇ.

ಮುಂದಿನ ಸಲ ಯಾವುದೇ ಕೋಟೆಗೆ ಹೋದಾಗ ನೇರ ಒಳಗೆ ನುಗ್ಗಬೇಡಿ. ಮೊದಲು ಹೊರಗಿನಿಂದ ಒಂದು ಸುತ್ತು ಬನ್ನಿ: ಅಗಳು ಎಲ್ಲಿತ್ತು, ಕೊತ್ತಲ ಎಷ್ಟಿವೆ, ದಿಡ್ಡಿ ಎಲ್ಲಿ ಎಂದು ಹುಡುಕಿ. ಕೋಟೆ ಕಟ್ಟಿದವರ ಲೆಕ್ಕಾಚಾರವೆಲ್ಲ ಇರುವುದು ಆ ಹೊರಸುತ್ತಿನಲ್ಲೇ.